ಬಸರಿ ಮರದಿಂದ ಕಿತ್ತಳೆ ಮರಕ್ಕೆ

ಸೀಮೆಎಣ್ಣೆಯ ಖಾಲಿ ಡಬ್ಬ ಬಡಿಯುವುದಕ್ಕೂ ಒಂದು ವಯಸ್ಸಿದೆ. ಅದು ನನಗೆ ಎಂದೋ ಮೀರಿತೆಂಬುದು ಗೊತ್ತಾದದ್ದು ಅಕ್ಕನ ತೋಟದಲ್ಲಿ ಮಂಗ ಓಡಿಸಲು ಕುಳಿತ ಮೇಲೆ. ಮೊದಲ ಪೆಟ್ಟಿಗೆ ಮಂಗಗಳು ನೆಗೆಯುತ್ತವೆ. ಎರಡನೆಯದಕ್ಕೆ ತಿರುಗಿ ನೋಡುತ್ತವೆ. ಮೂರನೆಯದರಿಂದ ಮುಂದಕ್ಕೆ ಕಿತ್ತಳೆ ಸುಲಿಯುತ್ತ, ಸಂಗೀತ ಕಚೇರಿಗೆ ಬಂದ ರಸಿಕರಂತೆ ನೆಮ್ಮದಿಯಾಗಿ ಆಲಿಸುತ್ತವೆ. ನೀವೂ ಒಮ್ಮೆ ಬಡಿದು ನೋಡಿ, ಓದುಗ ಮಿತ್ರರೇ. ಕ್ರಿಸ್‌ಮಸ್ ರಜೆ ಮುಗಿಯುವ ಹೊತ್ತಿಗೆ ಭುಜವೆಂಬ ಅವಯವ ತಮಗೆ ಯಾಕೆ ದಯಪಾಲಿಸಲ್ಪಟ್ಟಿತೋ ಎಂದು ಮರುಗದಿದ್ದರೆ ಹೇಳಿ.

ಕೊಡಗು ಆಗ ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯ. ಗುಡ್ಡ ಹತ್ತಿ ಗಟ್ಟಿಯಾಗಿ ಕೆಮ್ಮಿದರೆ ಸರ್ಕಾರಕ್ಕೆ ಕೇಳಿಸೀತು ಎಂದು ನಾವು ನಗುತ್ತಿದ್ದೆವು. ನಾನು ಮಡಿಕೇರಿಯಲ್ಲಿ ಪ್ರಕೃತಿ ಪಾಠದ ಮೇಷ್ಟ್ರು. ಅಕ್ಕ ದೇವಮ್ಮನದು ಕಕ್ಕಬೆಯ ಕಡೆ, ಕಾಫಿಯ ನಡುವೆ ಕಿತ್ತಳೆ ಇದ್ದ ಸಣ್ಣ ತೋಟ. ಭಾವ ತೀರಿಕೊಂಡ ಮೇಲೆ ಅದನ್ನವಳು ಒಬ್ಬಳೇ ನಡೆಸುತ್ತಿದ್ದಳು. ಹೆಂಗಸಿನ ಕೈಯಲ್ಲಿ ತೋಟ ಉಳಿಯುತ್ತದೆಯೇ ಎಂಬುದು ಕುಟುಂಬದ ಹಿರಿಯರ ಚಿಂತೆ. ಈ ವರ್ಷದ ಕಿತ್ತಳೆ ಕೈಗೆ ಹತ್ತದಿದ್ದರೆ ತೋಟವನ್ನು ಪಕ್ಕದ ತೋಟದ ಅವಳ ಮೈದುನ ತಮ್ಮಯ್ಯ ನೋಡಿಕೊಳ್ಳುವುದು, ಅಕ್ಕ ಅವನ ಮನೆಯ ಹಿಂದಿನ ಕೋಣೆಯಲ್ಲಿ ಇರುವುದು ಎಂದು ಅವರು ಎಲೆಯಡಿಕೆ ಜಗಿಯುತ್ತ ತೀರ್ಮಾನಿಸಿದ್ದರು. ಆ ಕೋಣೆಯ ಮಾತು ಬಂದಾಗಲೆಲ್ಲ ಅಕ್ಕನ ಮುಖ ಬಾಡುತ್ತಿತ್ತು.

ಎರಡು ತೋಟಗಳ ಗಡಿಯಲ್ಲಿ, ತಮ್ಮಯ್ಯನ ಪಾಲಿಗೆ ಸೇರಿದ ಒಂದು ದೊಡ್ಡ ಬಸರಿ ಮರವಿತ್ತು. ಅದು ಹಣ್ಣು ಬಿಟ್ಟರೆ ಕುಟ್ರು, ಮಂಗಟ್ಟೆ ಹಕ್ಕಿಗಳಿಗೆ, ಬಾವಲಿಗಳಿಗೆಲ್ಲ ಹಬ್ಬ. ಮಂಗಗಳಿಗಂತೂ ಅದೇ ಊಟದ ಮನೆ, ಅದೇ ಮಲಗುವ ಮನೆ. ನಮ್ಮಲ್ಲಿ ಮನೆಮನೆಗೂ ಕೋವಿಯಿದೆ, ಆದರೆ ಹಂದಿಗೆ ಎತ್ತುವ ಕೋವಿಯನ್ನು ಮಂಗನಿಗೆ ಎತ್ತುವವರಿಲ್ಲ. ಆಂಜನೇಯ ಎಂದು ಕೈಮುಗಿದು ಬಿಡುತ್ತೇವೆ. ಮರಕ್ಕೆ ಅಂಥ ರಕ್ಷಣೆಯಿಲ್ಲ. ಮಳೆಗೆ ಮುಂಚೆ ನೆರಳುಮರಗಳ ಕೊಂಬೆ ಸವರುವ ಮರಗಸಿ ನಡೆಯುತ್ತದಲ್ಲ, ಆಗ ತಮ್ಮಯ್ಯ ಕೊಂಬೆಗೆ ನಿಲ್ಲಿಸದೆ ಬುಡಕ್ಕೇ ಕೊಡಲಿ ಹಾಕಿಸಿದ.

"ಮಂಗಕ್ಕೆ ಊಟ ಹಾಕಿಕೆ ನಾವ್ ತೋಟ ಮಾಡ್ದಾ? ಮರ ಇಲ್ಲೆಂದ್ರೆ ಮಂಗನೂ ಇಲ್ಲೆ," ಎಂದ. ಅತ್ತಿಗೆಗೆ ಉಪಕಾರವಾಗಲಿ ಎಂದೇ ಕಡಿಸಿದ್ದು, ಪಾಪ.

ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಹುಲ್ಲು, ಕಪ್ಪೆ, ಹಾವು, ಗಿಡುಗಗಳ ಚಿತ್ರ ಬರೆದು, ನಡುವೆ ಬಾಣದ ಗುರುತೆಳೆದು, ಯಾರು ಯಾರನ್ನು ತಿಂದು ಬದುಕುತ್ತಾರೆಂದು ವರ್ಷಗಟ್ಟಲೆ ಕೊರೆದವನು. ನನ್ನ ಕಪ್ಪೆ ಮುಖ್ಯೋಪಾಧ್ಯಾಯರನ್ನು ಹೋಲುತ್ತಿತ್ತೆಂಬ ಕೀರ್ತಿಯೂ ಇದೆ. ಆ ಹಲಗೆಯಲ್ಲಿ ಒಂದು ಜೀವಿಯನ್ನು ಒರೆಸಿದರೆ ಅದನ್ನು ನಂಬಿದ ಬಾಣ ಶೂನ್ಯವನ್ನು ತೋರಿಸುತ್ತ ನಿಲ್ಲುತ್ತಿತ್ತು, ಅಷ್ಟೇ. ಕಾಡಿನಲ್ಲಿ ಬಾಣ ಸುಮ್ಮನೆ ನಿಲ್ಲುವುದಿಲ್ಲ. ಹಸಿದ ಹೊಟ್ಟೆ ಇನ್ನೊಂದು ದಾರಿ ಹುಡುಕುತ್ತದೆ. ಬಸರಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಕಿತ್ತಳೆಯನ್ನು ಬಾಯಿರುಚಿಗೆ ಮಾತ್ರ ಮುಟ್ಟುತ್ತಿದ್ದ ಹಿಂಡು ಈಗ ಸಂಸಾರ ಸಮೇತ ಅಕ್ಕನ ಮರಗಳಿಗೆ ಇಳಿಯಿತು. ಮರಿಗಳು ಕಚ್ಚಿ ಎಸೆದ ಹಣ್ಣು ಕಾಫಿ ಬುಡದಲ್ಲೆಲ್ಲ ಕೊಳೆಯುತ್ತಿತ್ತು. ಇಷ್ಟೆಲ್ಲ ಅರ್ಥವಾಗಿ ಆದದ್ದಾದರೂ ಏನು? ತಿಳಿವಳಿಕೆಯಿಂದ ಒಂದು ಮಂಗವೂ ಓಡಲಿಲ್ಲ. ದಣಿವು ಮಾತ್ರ ಹೆಚ್ಚಿತು.

ರಜೆ ಮುಗಿಯುವ ಮುನ್ನ ತಮ್ಮಯ್ಯ ಹೆಂಡತಿಯೊಡನೆ ಬಂದು ಜಗುಲಿಯಲ್ಲಿ ಕುಳಿತ. ಕಿತ್ತಳೆ ಹೋಯಿತಲ್ಲ ಎಂದು ಲೊಚಗುಟ್ಟಿ, ಹಿಂದಿನ ಕೋಣೆಗೆ ಸುಣ್ಣ ಬಳಿಸಿದ್ದೇನೆ ಎಂದ. ಅಕ್ಕ ಕಾಫಿ ತಂದಿಟ್ಟು ಅವನೆದುರೇ ಕುಳಿತಳು.

"ಮಂಗಗಳ ಮನೆ ನೀನ್ ಕಡ್ದೆ, ತಮ್ಮಯ್ಯ. ಅವು ನನ್ನಲ್ಲಿಗೆ ಬಂದೊ. ಈಗ ನನ್ನ ಮನೇನೂ ತೆಗ್ದ್ರೆ ನಾ ಎಲ್ಲಿಗೆ ಹೋಗ್ಲಿ? ನಿನ್ನಲ್ಲಿಗೇ ತಾನೆ? ಬರ್ತೇನೆ. ಆದ್ರೆ ನಾ ಈ ಕುಟುಂಬದ ಹಿರಿ ಸೊಸೆ, ಹಿಂದಿನ ಕೋಣೇಲಿ ಕೂರುವವಳಲ್ಲ. ಅಡಿಗೆಮನೆ ನಂದು, ಉಗ್ರಾಣದ ಬೀಗದ ಕೈ ನಂದು. ಮಂಗ ಆದ್ರೆ ಕತ್ತಲಾಗ್ತಾ ಕಾಡಿಗೆ ಹೋಗ್ತದೆ. ನಾ ಹೋಗುದಿಲ್ಲೆ."

ತಮ್ಮಯ್ಯ ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ಲೋಟ ಕೆಳಗಿಟ್ಟು ಎದ್ದೇಬಿಟ್ಟಳು. "ಏಳಿ, ಹೋಗುವ. ತೋಟ ಅಕ್ಕನೇ ನೋಡ್ಕೊಳ್ಳಲಿ. ಹಿರಿಯರಿಗೆ ನಾನೇ ಹೇಳ್ತೇನೆ," ಎಂದು ಗಂಡನ ತೋಳು ಹಿಡಿದಳು. ಕಾಫಿ ಅರ್ಧಕ್ಕೇ ಉಳಿಯಿತು.

ಮರುದಿನ ಬೆಳಿಗ್ಗೆ ಮಂಗಗಳು ಎಂದಿನಂತೆ ಬಂದವು. ನಾನು ಡಬ್ಬ ಎತ್ತಿಕೊಂಡೆ. ಭುಜ ಹಾಗೆಯೇ ನೋಯುತ್ತಿತ್ತು, ಆದರೆ ಬಡಿಯುತ್ತಿದ್ದದ್ದು ಅಕ್ಕನದಾಗಿಯೇ ಉಳಿದ ತೋಟದಲ್ಲಿ.