ಆಂಟಿಯ ಗುಂಡು ಮನೆ

ಯಾವ ಬಟ್ಟೆ ಕೈಗೆ ಬಂದರೂ ಆಂಟಿ ಅದನ್ನು ಹೆಬ್ಬೆರಳಿನಿಂದ ತಿಕ್ಕಿ, ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ಯೋಚಿಸುತ್ತಿದ್ದರು. ಹುಬ್ಬಳ್ಳಿಯವರು, ಟೆಕ್ಸಾಸ್‌ನ ರೌಂಡ್ ರಾಕ್‌ನಲ್ಲಿ ನಮ್ಮ ಪಕ್ಕದ ಮನೆ. ಗಂಡ ತೀರಿಕೊಂಡ ಮೇಲೆ ಆಸ್ಟಿನ್ ಊರಾಚೆ ತಮಗಿದ್ದ ತುಂಡು ಜಾಗದಲ್ಲಿ ಯರ್ಟ್ ಕಟ್ಟಲು ಹೊರಟರು. ಮರದ ಜಾಲರಿಗೆ ದಪ್ಪ ಬಟ್ಟೆ ಹೊದಿಸಿದ ಗುಂಡು ಮನೆ ಅದು. ಈ ವಯಸ್ಸಿನಲ್ಲಿ ಡೇರೆಯೇ ಎಂದು ನಮ್ಮವರೆಲ್ಲ ನಕ್ಕರು.

ನನಗೆ ಹೊಟ್ಟೆಕಿಚ್ಚಾಯಿತು. ಗಂಡನ ವೀಸಾದ ಬಾಲ ಹಿಡಿದು ಬಂದ ನಾನು ಕೆಲಸ ಮಾಡುವ ಹಾಗಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. "ಟೈಮ್ ಸಿಗಲಿ, ಕಲಿಸ್ತೀನಿ" ಎನ್ನುತ್ತಿದ್ದ ಗಂಡನಿಗೆ ಟೈಮ್ ಸಿಗುತ್ತಲೇ ಇರಲಿಲ್ಲ. ಏಸಿ ಗುಂಯ್‌ಗುಡುವ ಮನೆಯಲ್ಲಿ ಬಾಟಲಿಯೊಳಗಿನ ಉಪ್ಪಿನಕಾಯಿಯಂತೆ ಕೂತಿದ್ದೆ.

"ಹೊರಗ ಬಾರವಾ" ಎಂದು ಆಂಟಿಯೇ ಬಟ್ಟೆ ಅಂಗಡಿಗಳಿಗೆ ಎಳೆದೊಯ್ಯುತ್ತಿದ್ದರು. ಅಂಗಡಿಯವರ ಗ್ಯಾರಂಟಿಯನ್ನು ಅವರು ನಂಬಿದವರಲ್ಲ. ತಂದ ಬಟ್ಟೆ ತುಂಡುಗಳನ್ನೆಲ್ಲ ಹಿತ್ತಲ ಬೇಲಿಗೆ ಕಟ್ಟಿ ಇಡೀ ಬೇಸಿಗೆ ಬಿಸಿಲುಮಳೆಗೆ ಬಿಟ್ಟರು. ಹತ್ತಿ ಕ್ಯಾನ್ವಾಸ್‌ಗೆ ಬೂಷ್ಟು ಹಿಡಿಯಿತು, ವಿನೈಲ್ ಬಳಿದ ಪಾಲಿಯೆಸ್ಟರ್ ಗೆದ್ದಿತು. ಒಳಪದರಕ್ಕೆ ದಪ್ಪ ಉಣ್ಣೆ. ಟೆಕ್ಸಾಸ್ ಸೆಕೆಗೆ ಉಣ್ಣೆಯೇ ಎಂದರೆ, "ನಮ್ಮ ಕಡೆ ಕುರುಬ್ರು ಬ್ಯಾಸಗ್ಯಾಗೂ ಕಂಬಳಿ ಹೊದೀತಾರ. ಚಳಿ ತಡಿಯೂದು ಬಿಸಲು ತಡೀದೇನು?" ಎಂದರು.

ಬಿಸಿಲು ಬೀಳುತ್ತದೆಂದು ಗುಂಡು ಮನೆಯ ನಡುನೆತ್ತಿಯ ಕಿಂಡಿಗೂ ಒಳಗಿನಿಂದ ಉಣ್ಣೆ ಬಿಗಿದಿದ್ದರು. ಗೃಹಪ್ರವೇಶದ ದಿನ ಹಾಲು ಉಕ್ಕಿತು, ಚಿತ್ರಾನ್ನಕ್ಕೆ ಒಣಮೆಣಸಿನಕಾಯಿಯ ಒಗ್ಗರಣೆ ಬಿತ್ತು. ಘಾಟಿಗೆ ಹೋಗಲು ದಾರಿಯೇ ಇಲ್ಲ. ಬಂದವರೆಲ್ಲ ಕೆಮ್ಮುತ್ತ ಹೊರಗೋಡಿದರು. ನಾನು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತೆ. ಆಂಟಿ ಏಣಿ ಹತ್ತಿ, ಅಷ್ಟು ಆರಿಸಿ ತಂದ ಉಣ್ಣೆಯನ್ನು ತರಕಾರಿ ಚಾಕುವಿನಿಂದ ಪರಪರ ಕೊಯ್ದು ಕಿಂಡಿ ತೆರೆದರು. ಇಳಿದು ಬಂದು ನನ್ನ ಮುಖ ನೋಡಿದರು.

"ಇದು ಮೆಣಸಿನಕಾಯಿ ಅಳು ಅಲ್ಲ" ಎಂದರು. "ಹೊಗಿಗೆ ದಾರಿ ಬಿಡೂದು ಮರತೆ ನೋಡು, ಹುಚ್ಚಿ ನಾನು. ನೀ ನಾಳಿಂದ ನನ್ನ ಕಾರ್ ಓಡಸು. ಯಜಮಾನ್ರಿಗೆ ಟೈಮ್ ಸಿಗೂತನ ಕಾಯಬ್ಯಾಡ."

ಬಯ್ದು ಬಯ್ದೇ ಕಲಿಸಿದರು. ಲೈಸೆನ್ಸ್ ಬಂದರೂ ಹೈವೇ ಎಂದರೆ ನನಗೆ ಭಯ. ಅವರು ಪಕ್ಕದಲ್ಲಿಲ್ಲದೆ ಒಮ್ಮೆಯೂ ಹತ್ತಿರಲಿಲ್ಲ.

ಈ ಚಳಿಗಾಲ, ಹೈವೇಯಲ್ಲಿ ಮೂರು ಗಂಟೆ ದೂರದ ಕಾಪೆಲ್‌ನಲ್ಲಿರುವ ಮಗಳ ಮನೆಗೆ ಹೋದ ಆಂಟಿ ಅಲ್ಲೇ ತೀರಿಕೊಂಡರು. ಅಂತ್ಯಕ್ರಿಯೆಯ ದಿನವೇ ನನ್ನ ಗಂಡನಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್. "ವಿಡಿಯೋದಲ್ಲೇ ನೋಡಿಬಿಡು" ಎಂದರು. ನಾನು ಕಾರಿನ ಕೀ ತೆಗೆದುಕೊಂಡೆ. ದೈತ್ಯ ಲಾರಿಗಳ ನಡುವೆ, ಹೀಗೆ ಹೇಳದೆ ಕೇಳದೆ ಹೋದ ಆಂಟಿಯನ್ನು ಬಯ್ಯುತ್ತ, ಅಳುತ್ತ ಕಾಪೆಲ್ ಮುಟ್ಟಿದೆ. ಬಾಗಿಲಲ್ಲಿದ್ದ ಮಗಳು ನನ್ನ ಬೆನ್ನ ಹಿಂದೆ ಇಣುಕಿದಳು.

"ಯಾರ ಜೋಡಿ ಬಂದ್ರಿ?"

"ಒಬ್ಬಳೇ ಬಂದೆ" ಎಂದೆ.