ಕೆಂಪಾಗದ ಮೈಯ ಉರಿ

ಹೋದ ಭಾನುವಾರ ಬಿಸಿಲಿಗೆ ನನ್ನ ಕುತ್ತಿಗೆ ಸುಟ್ಟು ಕೆಂಪಗಾಯಿತು. ಮನೆಮಂದಿಯೆಲ್ಲ ಓಡಿ ಬಂದರು.

ಇಂಡಿ ಹತ್ತಿರ ನಮ್ಮ ಅಣ್ಣನ ಲಿಂಬೆ ತೋಟವಿದೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಬೇಸತ್ತವಳು, ರಜೆ ಸಿಕ್ಕಿತೆಂದು ಅಲ್ಲಿಗೆ ಹೋಗಿದ್ದೆ. ಕಾಯಿ ಕೀಳುವ ಹೆಂಗಸರ ಜೊತೆ ನಾನೂ ನಿಂತೆ. ತಲೆಯ ಮೇಲೆ ಸೆರಗಿಲ್ಲ, ಸನ್‌ಸ್ಕ್ರೀನ್ ಇಲ್ಲ. (ಕೂಲಿ ಕೆಲಸ ಮಾಡಿ ನೋಡುವ ಪೇಟೆಯವರ ಶೋಕಿ!) ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಧಗಧಗ ಉರಿಯತೊಡಗಿತು.

ತೋಟದ ಮನೆಯ ಪಡಸಾಲೆಯಲ್ಲಿ ಕೂತೆ. ಅಣ್ಣ ಫ್ಯಾನ್ ಹಚ್ಚಿದ. ಅವನ ಹೆಂಡತಿ, ನಮ್ಮ ವೈನಿ, ಲಿಂಬೆಹಣ್ಣು ಹೋಳು ಮಾಡಿ ತಂದರು. "ಇದನ್ನ ತಿಕ್ಕಿದ್ರ ಕಪ್ಪ ಆಗೂದಿಲ್ಲ."

"ಲಿಂಬಿ ಬ್ಯಾಡ್ರಿ ಬಾಯಾರ!" ಅಂಗಳದಿಂದ ಶಾಂತಾಬಾಯಿ ಕೂಗಿದರು. ಇಪ್ಪತ್ತು ವರ್ಷದಿಂದ ಅದೇ ತೋಟದಲ್ಲಿ ಕಾಯಿ ಕೀಳುವವರು. "ಸುಟ್ಟ ಮೈಗಿ ಅದು ಇನ್ನಷ್ಟು ಸುಡತೈತಿ. ತಣ್ಣೀರಾಗ ಅರಿಬಿ ತೊಯ್ಸಿ ಹಾಕ್ರಿ. ನೀರ ಕುಡಸ್ರಿ."

ವೈನಿ ಹಾಗೇ ಒದ್ದೆ ಬಟ್ಟೆ ಹಾಕಿ ನೀರು ಕುಡಿಸಿದರು. ಜೀವ ಬಂದಂತಾಯಿತು.

ಉಪಕಾರ ನೆನೆಯಬೇಕಲ್ಲ? ಹೊರಗೆ ಹೋಗಿ ಶಾಂತಾಬಾಯಿಯ ಹೆಗಲ ಮೇಲೆ ಕೈಯಿಟ್ಟೆ.

"ಅಯ್ಯವ್ವಾ!" ಎಂದು ಕುಗ್ಗಿ ಹೋದರು.

ಸೆರಗು ಸರಿಸಿ ನೋಡಿದೆ. ಕುತ್ತಿಗೆಯಿಂದ ಬೆನ್ನಿನವರೆಗೆ ಸಾಲು ಸಾಲು ನೀರುಗುಳ್ಳೆ.

"ಹೇಳಬಾರದೇನ್ರಿ?"

"ನಿಮ್ದು ಕೆಂಪ ಆಗತೈತ್ರಿ ಅಕ್ಕಾರ, ಮಂದಿಗಿ ಕಾಣತೈತಿ. ನಮ್ದು ಕರಿ ಮೈ. ಉರಿ ಮಾತ್ರ ಅಷ್ಟ ಇರತೈತ್ರಿ."

ಕಪ್ಪು ಮೈಗೆ ಬಿಸಿಲು ಹತ್ತುವುದಿಲ್ಲ ಎಂದು ನಾನೂ ನಂಬಿದ್ದೆ. ಎಂ.ಎ. ಓದಿದವಳು! ಶಾಂತಾಬಾಯಿ ಮುಂಜಾನೆಯಿಂದ ನನ್ನ ಪಕ್ಕದ ಗಿಡದಲ್ಲೇ ಕಾಯಿ ಕೀಳುತ್ತಿದ್ದರು. ಒಮ್ಮೆಯಾದರೂ ತಿರುಗಿ ನೋಡಿದ್ದೆನೆ?

"ಒಳಗ ಬರ್ರಿ, ಫ್ಯಾನಿನ ಕೆಳಗ ಕುಂದರ್ರಿ" ಎಂದೆ.

ಶಾಂತಾಬಾಯಿ ವೈನಿಯ ಮುಖ ನೋಡಿದರು. ವೈನಿ ನೆಲ ನೋಡಿದರು. ಇಷ್ಟು ವರ್ಷದಲ್ಲಿ ಶಾಂತಾಬಾಯಿ ಆ ಹೊಸ್ತಿಲು ದಾಟಿದ್ದೇ ಇಲ್ಲ. (ಯಾಕೆಂದು ಬಿಡಿಸಿ ಹೇಳಬೇಕೆ?)

"ಬ್ಯಾಡ್ರಿ. ಇಲ್ಲೇ ಆರಾಮ ಅದೀನಿ."

ನಾನು ಕಟ್ಟೆಯ ಮೇಲೆ ಅವರ ಹಿಂದೆ ಕೂತು ಒದ್ದೆ ಬಟ್ಟೆ ಹಾಕಿದೆ. "ನೀವು ಮುಟ್ಟಬ್ಯಾಡ್ರಿ" ಎಂದು ಮೊದಲು ಕೊಸರಿದರು. ಆಮೇಲೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ವೈನಿ ಕೊಡದಲ್ಲಿ ತಣ್ಣೀರು ತಂದಿಟ್ಟರು. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಅದ್ದಿ, ಹಿಂಡಿ, ತಾವೇ ಹಾಕಿದರು. ಶಾಂತಾಬಾಯಿಯ ಕಣ್ಣಲ್ಲಿ ನೀರು ಬಂತು. ಉರಿಗೋ, ಇನ್ನೇತಕ್ಕೋ, ನಾನು ಕೇಳಲಿಲ್ಲ.

ಸಂಜೆ ಅಣ್ಣ ಅವರನ್ನು ಇಂಡಿಗೆ ಡಾಕ್ಟರ ಹತ್ತಿರ ಕರೆದೊಯ್ದ. ಗುಳ್ಳೆ ಒಡೆಯಬೇಡಿ, ಮುಲಾಮು ಹಚ್ಚಿ, ಒಂದು ವಾರ ಬಿಸಿಲಿಗೆ ಹೋಗಬೇಡಿ ಎಂದರಂತೆ. ಈಗ ಗುಳ್ಳೆಗಳು ಆರುತ್ತಿವೆ. ತೋಟದಲ್ಲಿ ಬಿಸಿಲು ಏರುವ ಮುಂಚೆಯೇ ಅಣ್ಣ ಎಲ್ಲರ ಕೆಲಸ ನಿಲ್ಲಿಸುತ್ತಾನೆ. ಅಷ್ಟು ಬದಲಾಗಿದೆ.

ಆದರೆ ಒಳಗೆ ಬನ್ನಿ ಎಂದು ಎರಡನೆಯ ಸಲ ನಾನೇಕೆ ಕರೆಯಲಿಲ್ಲ?