ಕಂಬಳಿ ಸಮೇತ ತೂಗಿದ ಮಗಳು

ಶಿವಲೀಲಾ ಮಿಸ್ ಮತ್ತೆ ಕೊಡೆ ಕಳೆದುಕೊಂಡು ಬಂದಿದ್ದರು. ಮಳೆ ಬಿಡದ ಹೆತ್ತೂರಿನ ಕಡೆ ಕೊಡೆ ಕಳೆದುಕೊಳ್ಳುವುದೆಂದರೆ ಬೇರೆ ಊರಲ್ಲಿ ಚಪ್ಪಲಿ ಕಳೆದುಕೊಂಡ ಹಾಗಲ್ಲ, ಅರ್ಧ ಮನೆಯನ್ನೇ ಕಳೆದುಕೊಂಡ ಹಾಗೆ. ನಮ್ಮ ಅತ್ತೆ ನಂಜಮ್ಮನಿಗೆ ಮಾತ್ರ ಅವತ್ತು ಹಬ್ಬ.

"ಜಗತ್ತಲ್ಲಿ ಯಾವ್ದೂ ಕಳ್ದೋಗಲ್ಲ ಅಂತ ಮಕ್ಳಿಗೆ ಪಾಠ ಹೇಳ್ತೀರಲ್ಲ ಮೇಡಮ್ಮೋರೇ, ನಿಮ್ ಕೊಡೆ ಎಲ್ಲೈತೆ?"

"ಕಳ್ದೋಗಿಲ್ಲ ನಂಜಮ್ಮ, ಬೇರೆಯೋರ ತಲೆ ಮೇಲೈತೆ."

ಇದು ಅವರ ಮಾತಿನ ರೀತಿ. ಆಲೂರಿನವರು. ಇಲ್ಲಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ, ನಮ್ಮ ಮನೆಯ ಮುಂದಿನ ರೂಮಿನಲ್ಲಿ ಬಾಡಿಗೆಗೆ ಇದ್ದಾರೆ. ಅತಿಥಿ ಅಂದರೆ ಪ್ರತಿ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. "ವರ್ಷವೆಲ್ಲ ದುಡಿಸ್ಕೊಂಡು ನೆಂಟ್ರು ಅಂತ ಕರೆಯೋದು ನಮ್ಮ ಇಲಾಖೆ ಒಂದೇ ಕಣೇ ನವ್ಯ" ಎಂದು ನನ್ನೆದುರು ನಗುತ್ತಾರೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ತಾಯಿಯನ್ನು ನೋಡಲು ಹೋಗುತ್ತಾರೆ. ಸೋಮವಾರ ಬರುವಾಗ ಒಂದು ಡಬ್ಬಿ ಕೋಡುಬಳೆ ತರುತ್ತಾರೆ. ತುರುಬಿಗೆ ಸಿಕ್ಕಿಸಿದ ಸೀಮೆಸುಣ್ಣ ಅಲ್ಲೇ ಮರೆತು, ಸೀಮೆಸುಣ್ಣ ಕಾಣ್ತಿಲ್ಲ ಎಂದು ರೂಮೆಲ್ಲ ಹುಡುಕುತ್ತಾರೆ.

ಅವರ ಪಾಠ ಸ್ಕೂಲಿನಲ್ಲಿ ಮುಗಿಯುವುದಿಲ್ಲ. ಬಚ್ಚಲ ಒಲೆಯ ಮುಂದೆ ನಾನು ಬೂದಿ ಬಳಿಯುತ್ತಿದ್ದರೆ ಹಿಂದೆ ಬಂದು ನಿಲ್ಲುತ್ತಾರೆ. "ಒಂದು ಹೊರೆ ಸೌದೆ ಉರಿಸಿದೆ, ಒಂದು ಮೊರ ಬೂದಿ ಬಂತು. ಮಿಕ್ಕಿದ್ದು ಎಲ್ಲಿ ಹೋಯ್ತು?" ಹೊಗೆ ಎಂದು ನಾನು ಹೇಳಬೇಕು. "ಹೊಗೆ, ಆವಿ. ಸರಿ. ಸೌದೇಲಿದ್ದ ಶಕ್ತಿ?" ಹಂಡೆಯ ನೀರಿಗೆ, ಅಲ್ಲಿಂದ ನಮ್ಮ ಬೆನ್ನಿಗೆ ಎಂದು ಹೇಳಬೇಕು. ಆಗ ಅವರಿಗೆ ಸಮಾಧಾನ. ಯಾವುದೂ ಮಾಯವಾಗಲ್ಲ, ಎಲ್ಲಿ ಹೋಯಿತು ಅಂತ ಕೇಳು. ಅವರ ವಿಜ್ಞಾನವೆಲ್ಲ ಇಷ್ಟೇ ಎಂದು ನಾನು ಅಂದುಕೊಂಡಿದ್ದೆ. ಇದೇ ಮಾತು ನನ್ನ ಮಗಳ ವಿಷಯಕ್ಕೆ ಬಂದು ನಿಲ್ಲುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮಗಳು ಸ್ನೇಹಾ ಜೂನ್‌ನಲ್ಲಿ ಹುಟ್ಟಿದಳು. ಆಗಸ್ಟಿನಲ್ಲಿ ಅಂಗನವಾಡಿಯಲ್ಲಿ ತೂಗಿದಾಗ ಐದು ಕೆಜಿ ನಾನೂರು ಗ್ರಾಂ. ಎಲ್ಲರೂ ಭೇಷ್ ಅಂದರು. ಸೆಪ್ಟೆಂಬರಿನಲ್ಲಿ ಮತ್ತೆ ತೂಗಿದರೆ ಐದು ಮುನ್ನೂರು. ತಿಂಗಳಿಗೆ ಏರಬೇಕಾದ ಮಗು ಇಳಿದಿತ್ತು.

ಅವತ್ತು ಮನೆಗೆ ಹೇಗೆ ನಡೆದು ಬಂದೆನೋ ಗೊತ್ತಿಲ್ಲ. ಹಾಲು ಸಾಲುತ್ತಿಲ್ಲ, ಅಷ್ಟೇ ತಲೆಯಲ್ಲಿ. ತಮ್ಮ ತಂಗಿಯ ಮನೆಯಿಂದ ಅದೇ ಸಂಜೆ ವಾಪಸಾದ ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖ ನೋಡಿ, "ಕೆಲವ್ರಿಗೆ ಹಂಗೇ ಕಣವ್ವ, ಬತ್ತೋಗ್ಬುಡ್ತದೆ" ಎಂದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನನ್ನ ಗಂಡ ಮೋಹನ್ ಮಾತಾಡದೆ ಸಕಲೇಶಪುರಕ್ಕೆ ಹೋಗಿ ಒಂದು ಡಬ್ಬಿ ಹಾಲಿನ ಪುಡಿ ತಂದಿಟ್ಟರು. ಆ ಡಬ್ಬಿಯ ಮೇಲೆ ಒಂದು ಗುಂಡು ಮಗು ನಗುತ್ತಿತ್ತು. ನನಗೆ ಅದನ್ನು ಗೋಡೆಯ ಕಡೆಗೆ ತಿರುಗಿಸಿಡುವಷ್ಟು ಸಿಟ್ಟು.

ಮರುದಿನ ಬೆಳಿಗ್ಗೆ ನೀರು ಕುದಿಸಲು ಇಟ್ಟು ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಮಿಸ್ ಕಾಫಿ ಲೋಟ ಇಡಲು ಬಂದರು. ತೂಕ ಇಳಿದದ್ದನ್ನು ಅವರಿಗೂ ಹೇಳಿದೆ.

"ಮಗು ಹಸಿದು ಅಳುತ್ತಾ?"

"ಇಲ್ಲ ಮಿಸ್. ಕುಡೀತಾಳೆ, ಮಲಗ್ತಾಳೆ."

"ಬಟ್ಟೆ ಒದ್ದೆ ಮಾಡ್ತಾಳಾ?"

"ಒಣಗಿಸೋಕೆ ಜಾಗ ಇಲ್ಲ, ಅಷ್ಟು."

"ಹಾಗಾದ್ರೆ ಏನೋ ಒಳಗೆ ಹೋಗ್ತಿದೆ ಮಾರಾಯ್ತಿ! ಹೋಗದೆ ಬರುತ್ತಾ?" ಲೋಟ ಕೆಳಗಿಟ್ಟರು. "ನಾಳೆ ಡಾಕ್ಟರ್ ಹತ್ರ ಹೋಗು, ಅದು ಹೋಗಲೇಬೇಕು. ಡಬ್ಬಿ ಒಡೆಯೋದಾ ಬೇಡ್ವಾ ಅವರೇ ಹೇಳ್ಲಿ. ಇವತ್ತು ಒಂಬತ್ತನೇ ಕ್ಲಾಸಿಗೆ ರಾಶಿ ಸಂರಕ್ಷಣಾ ನಿಯಮ ಮಾಡ್ತಿದೀನಿ. ಅಂಗಡಿ ಮಹೇಶ ತಕ್ಕಡಿ ಕೊಡ್ತೀನಿ ಅಂದಿದಾನೆ, ಐದು ಗ್ರಾಮಿನ ವ್ಯತ್ಯಾಸನೂ ತೋರಿಸುತ್ತೆ. ಮಗು ಎತ್ಕೊಂಡು ಬಾ. ಎದುರಿಗೇ ನೋಡೋಣ, ನೀನು ಕೊಟ್ಟಿದ್ದು ಎಲ್ಲಿ ಹೋಗುತ್ತೆ ಅಂತ."

ಅತ್ತೆಗೆ ಕೇಳಿಸಿತು. "ಮೆಣಸು ತೂಗೋ ತಟ್ಟೆ ಮೇಲೆ ನನ್ ಮೊಮ್ಮಗಳ್ನ ಮಲಗ್ಸಕ್ಕೆ ಬುಡಲ್ಲ. ಬೆಳೆಯೋ ಕೂಸ್ನ ಬರೀ ಮೈಲಿ ತೂಗ್ಬಾರ್ದು, ದೃಷ್ಟಿ ಆಗ್ತದೆ. ನಮ್ಮೋರು ಯಾರೂ ತೂಗ್ಸಿಲ್ಲ."

ನನಗೆ ಗಾಬರಿ, ಈಗ ಜಗಳ ಅಂತ. ಮಿಸ್ ಮಾತ್ರ ಆರಾಮಾಗಿ, "ಬರೀ ಮೈಲಿ ಯಾಕೆ ನಂಜಮ್ಮ? ಕಂಬಳಿ ಸಮೇತ ತೂಗೋಣ. ಮೊರದಲ್ಲಿ ಮಲಗಿಸಿ. ನಿಮಗೆ ಏನೇನು ಬೇಕೋ ಎಲ್ಲ ಹಾಕ್ಕೊಳ್ಳಿ. ಒಂದೇ ಮಾತು, ಮಧ್ಯದಲ್ಲಿ ಏನೂ ತೆಗೀಬಾರ್ದು, ಏನೂ ಸೇರಿಸ್ಬಾರ್ದು" ಎಂದರು. ಅತ್ತೆ ಮೊರ ಸಾರಿಸಿ ಒಣಗಿಸಿ, ಕಾವಲಿಗೆಂದು ತಾವೂ ಹೊರಟರು.

ಕ್ಲಾಸಿನೊಳಗೆ ಹೋದಾಗ ಮೇಜಿನ ಮೇಲೆ ಬಿರಡೆ ಹಾಕಿದ ಬಾಟಲಿಯೊಂದು ತಕ್ಕಡಿ ಪಕ್ಕದಲ್ಲಿತ್ತು. ಒಳಗೆ ಸೋಡಾಪುಡಿ, ನಿಂಬೆರಸ. ಬಿರಡೆ ಹಾಕದಿದ್ದಾಗ ನೊರೆ ಬಂದು ತೂಕ ಇಳಿಯಿತಂತೆ, ಹಾಕಿದಾಗ ಅಷ್ಟೇ ಇತ್ತಂತೆ. ಬೋರ್ಡಿನ ಮೇಲೆ ದೊಡ್ಡದಾಗಿ, "ಎಲ್ಲಿ ಹೋಯ್ತು?"

"ಇವತ್ತಿನ ಎರಡನೇ ಬಾಟಲಿ ಬಂತು," ಎಂದರು ಮಿಸ್. "ಇದಕ್ಕೆ ಬಿರಡೆ ಹಾಕಕ್ಕಾಗಲ್ಲ."

ಮಕ್ಕಳು ಹೋ ಎಂದು ನಕ್ಕರು. ಅತ್ತೆ ಮೊರವನ್ನು ತಕ್ಕಡಿಯ ಮೇಲಿಟ್ಟು, ಮಾವನ ಕರಿ ಕಂಬಳಿಯ ತುಂಡಿನಲ್ಲಿ ಸುತ್ತಿದ್ದ ಸ್ನೇಹಾಳನ್ನು ಮಲಗಿಸಿದರು. ಹಸಿದ ಹೊತ್ತು, ಒದೆಯುತ್ತಿದ್ದಳು. ಕೆಂಪು ಅಂಕಿಗಳು ಕುಣಿದವು. ಒಬ್ಬ ಆರೂವರೆ ಅಂದ, ಇನ್ನೊಬ್ಬಳು ಏಳು ಅಂದಳು. "ಯಾರು ಸುಳ್ಳು, ಮಗುನೋ ತಕ್ಕಡಿನೋ?" ಎಂದು ಮಿಸ್ ಬೆರಳಿಂದ ಚಿಟಿಕೆ ಹೊಡೆದರು. ಸ್ನೇಹಾ ಅವರ ತುರುಬಿನ ಸೀಮೆಸುಣ್ಣವನ್ನೇ ನೋಡುತ್ತಾ ಒಂದು ಗಳಿಗೆ ಒದೆಯುವುದನ್ನು ನಿಲ್ಲಿಸಿದಳು. ಅಂಕಿಯೂ ನಿಂತಿತು. ಆರು ಕೆಜಿ ಐನೂರ ಎಂಬತ್ತು. ಮುಂದಿನ ಬೆಂಚಿನ ಹೇಮಶ್ರೀ ಬೋರ್ಡಿನ ಮೇಲೆ ಬರೆದಳು.

ಪಕ್ಕದ ಸ್ಟಾಫ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಹಾಲು ಕುಡಿಸಿದೆ. ಅವಳು ಕುಡಿದು ಕುಡಿದು ನಿದ್ದೆ ಹೋದಳು. ಎತ್ತಿಕೊಂಡರೆ ಬಟ್ಟೆ ಒದ್ದೆ.

"ಬಟ್ಟೆ ಬದ್ಲಾಯ್ಸು," ಅತ್ತೆ ಕೈ ಹಾಕಿದರು.

"ಬೇಡ ಅತ್ತೆ, ಮಿಸ್ ಹೇಳಿದಾರೆ, ಏನೂ ತೆಗೀಬಾರ್ದು ಅಂತ."

"ಒದ್ದೇಲಿ ಮಲಗ್ಸಿದ್ರೆ ಶೀತ ಆಗ್ತದೆ ಕಣೇ! ನಿಮ್ ಪಾಠಕ್ಕೆ ನನ್ ಕೂಸು ಕೆಮ್ಬೇಕಾ?"

ಬಾಗಿಲಾಚೆಯಿಂದ ಮಿಸ್, "ಒಂದು ನಿಮಿಷ ನಂಜಮ್ಮ! ಆ ಉಚ್ಚೇನೂ ಲೆಕ್ಕದಲ್ಲೈತೆ!" ಎಂದು ಕೂಗಿದರು. ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಅತ್ತೆಗೂ ನಗು ತಡೆಯಲಾಗಲಿಲ್ಲ.

ಅದನ್ನೇ ಮಿಸ್ ಪಾಠ ಮಾಡಿದರು. ಮಗುವಿನೊಳಗಿದ್ದದ್ದು ಬಟ್ಟೆಗೆ ಬಂತು. ಬಟ್ಟೆ ಮೊರದಲ್ಲೇ ಇದೆ. ಹಾಗಾಗಿ ತಕ್ಕಡಿಗೆ ಎರಡೂ ಒಂದೇ. ಬಟ್ಟೆ ಬಿಚ್ಚಿ ಎಸೆದರೆ ಆಗ ಮಾತ್ರ ತೂಕ ಇಳಿದ ಹಾಗೆ ಕಾಣುತ್ತದೆ. ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಮಿಸ್, ಹಿಂಗೇ ಕುಡೀತಾ ಹೋದ್ರೆ ದಿನಾ ತೂಕ ಏರಿ ಏರಿ ಕಾಫಿ ಮೂಟೆ ಆಗ್ಬುಡಲ್ವಾ?"

"ಆಗ್ಬೇಕಿತ್ತು. ಆದ್ರೆ ಉಸಿರಲ್ಲಿ, ಬೆವರಲ್ಲಿ ಒಂದಿಷ್ಟು ಹೊರಗೆ ಹೋಗುತ್ತೆ. ಹಾಲಿನ ಶಕ್ತಿ ಮೈ ಬೆಚ್ಚಗಿಡಕ್ಕೆ, ಕಾಲು ಒದೆಯಕ್ಕೆ, ಕಿರುಚಕ್ಕೆ. ನೀನು ಬೆಳಿಗ್ಗೆ ತಿಂದ ಅಕ್ಕಿರೊಟ್ಟೀದು ಎಲ್ಲಿ ಹೋಯ್ತೋ?"

"ಬಸ್ ಹಿಡಿಯಕ್ಕೆ ಓಡಿದೆ ಮಿಸ್."

"ಸರಿ. ಕಾಲಿಗೆ ಹೋಯ್ತು, ತಲೆಗೆ ಬರಲಿಲ್ಲ."

ಮತ್ತೆ ಮೊರ, ಅದೇ ಕಂಬಳಿ, ಅದೇ ಒದ್ದೆ ಬಟ್ಟೆ. ಮಲಗಿದ ಮಗು, ಅಂಕಿ ತಕ್ಷಣ ನಿಂತಿತು. ಹೇಮಶ್ರೀ ಓದಿದಳು: "ಆರು ಕೆಜಿ ಆರುನೂರ ಎಪ್ಪತ್ತು. ತೊಂಬತ್ತು ಗ್ರಾಂ ಜಾಸ್ತಿ!"

"ಎಲ್ಲಿಂದ ಬಂತು?" ಎಂದರು ಮಿಸ್.

"ಅಮ್ಮನ ಹಾಲು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಷ್ಟು ಮಕ್ಕಳ ಮುಂದೆ ಅಳಬಾರದಲ್ಲ.

ಆದರೆ ಇಳಿದ ನೂರು ಗ್ರಾಂಗೆ ಇನ್ನೂ ಲೆಕ್ಕ ಸಿಕ್ಕಿರಲಿಲ್ಲ. ಮಿಸ್ಸಿಗೂ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ಅತ್ತೆ ಕಂಬಳಿ ಬಿಚ್ಚಿ ಬಟ್ಟೆ ಬದಲಾಯಿಸುತ್ತಿದ್ದಾಗ ಅವರು ಬೋರ್ಡಿನ ಅಂಕಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಆಗಸ್ಟಲ್ಲಿ ಅಂಗನವಾಡಿಗೆ ಯಾರು ಕರ್ಕೊಂಡು ಹೋಗಿದ್ದು?"

"ಅತ್ತೇನೂ ನಾನೂ."

"ಕಂಬಳಿ?"

"ಇದೇ ಇತ್ತು. ಅಂಗನವಾಡಿಯವರು ತೆಗೀರಿ ಅಂದ್ರು, ಅತ್ತೆ ಬಿಡಲಿಲ್ಲ."

"ಸೆಪ್ಟೆಂಬರಲ್ಲಿ?"

ಸೆಪ್ಟೆಂಬರಿನಲ್ಲಿ ಅತ್ತೆ ಊರಲ್ಲಿರಲಿಲ್ಲ. ಬಿಸಿಲು ಬಿದ್ದಿತ್ತು. ನಾನೊಬ್ಬಳೇ, ಒಂದು ತೆಳು ಅಂಗಿಯಲ್ಲಿ ಎತ್ತಿಕೊಂಡು ಹೋಗಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಹೇಮಶ್ರೀ ಎದ್ದು ನಿಂತಿದ್ದಳು. "ಮಿಸ್, ಕಂಬಳಿ ತೂಗೋಣ!"

ಮೊರ ಕೆಳಗಿಳಿಸಿ ಬರೀ ಕಂಬಳಿ ಇಟ್ಟರು. ಐನೂರ ಎಂಬತ್ತು ಗ್ರಾಂ. ಅದೂ ಒಣಗಿದ್ದು. ಆಗಸ್ಟಿನಲ್ಲಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಎಷ್ಟು ಒಣಗಿಸಿದರೂ ಆ ಕಂಬಳಿ ಹಸಿ ಹಸಿಯಾಗಿಯೇ ಇರುತ್ತಿತ್ತು. ಆಗಸ್ಟಿನ ಐದು ಕೆಜಿ ನಾನೂರರಲ್ಲಿ ಆರುನೂರಕ್ಕೂ ಮೇಲೆ ಆ ಕಂಬಳಿಯದೇ. ಅಂದರೆ ನನ್ನ ಮಗಳು ನೂರು ಗ್ರಾಂ ಇಳಿದಿರಲಿಲ್ಲ. ಐನೂರಕ್ಕೆ ಕಡಿಮೆಯಿಲ್ಲದಂತೆ ಏರಿದ್ದಳು. ಅಷ್ಟೂ ನನ್ನಿಂದಲೇ.

ಅತ್ತೆ ತಕ್ಕಡಿಯ ಮೇಲಿದ್ದ ಕಂಬಳಿಯನ್ನು ಕೈಗೆತ್ತಿಕೊಂಡರು. "ಹಂಗಾರೆ ಕೂಸಿನ ತೂಕ ತಿಂದಿದ್ದು ನಾನೇಯಾ?"

"ತಿಂದಿಲ್ಲ ನಂಜಮ್ಮ. ಕೊಟ್ಟಿದ್ದು, ಮೊದಲನೇ ಸಲ ಸ್ವಲ್ಪ ಜಾಸ್ತಿ ಕೊಟ್ಬುಟ್ರಿ."

ಅತ್ತೆ ನನ್ನ ಬಳಿ ಬಂದರು. ನನ್ನ ಜಾರಿದ ಸೆರಗನ್ನು ಭುಜದ ಮೇಲೆ ಎತ್ತಿ ಹಾಕಿ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವ್ಳು" ಎಂದು ಮಿಸ್ಸಿಗೆ ದೂರು ಹೇಳಿದರು. ನನಗೆ ಅಷ್ಟೇ ಸಾಕಿತ್ತು.

ಮರುದಿನ ಡಾಕ್ಟರ ಬಳಿಗೆ ಹೋದೆವು. ಒಂದು ಹೊತ್ತಿನ ತೂಕದಿಂದ ಎಲ್ಲ ತೀರ್ಮಾನ ಆಗಲ್ಲ ಎಂದು ಮಿಸ್ಸೇ ಎಚ್ಚರಿಸಿದ್ದರು. ನರ್ಸ್ ತಕ್ಕಡಿ ಸರಿಪಡಿಸುತ್ತಿದ್ದಂತೆ ಅತ್ತೆ ತಾವಾಗಿಯೇ ಕಂಬಳಿ ಬಿಚ್ಚಿದರು. ಬಿಚ್ಚುವ ಮೊದಲು ಕೆನ್ನೆಗೊಂದು, ಅಂಗಾಲಿಗೊಂದು ಕಾಡಿಗೆ ಬೊಟ್ಟು. "ಇದ್ರ ತೂಕ ಬುಟ್ಟಾಕಿ" ಎಂದು ನರ್ಸಿಗೆ ಹೇಳಿದರು. ಡಾಕ್ಟರು ಎದೆ, ಹೊಟ್ಟೆ, ಕಣ್ಣು ಎಲ್ಲ ನೋಡಿ, ಮಗು ಚೆನ್ನಾಗಿದೆ, ಎದೆಹಾಲೊಂದೇ ಸಾಕು, ಬೇರೇನೂ ಬೇಡ ಎಂದರು. ಮೋಹನ್ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟರು. ಈ ಎರಡು ದಿನ ಒಂದು ಮಾತೂ ಆಡದೆ ಅವರೂ ಹೆದರಿದ್ದರು ಎಂದು ಆಗ ಗೊತ್ತಾಯಿತು.

ಒಡೆಯದ ಡಬ್ಬಿ ಸಕಲೇಶಪುರದ ಅಂಗಡಿಗೆ ವಾಪಸಾಯಿತು. ನಾನೀಗ ಹಾಲು ಕುಡಿಸುವಾಗ ಗಡಿಯಾರ ನೋಡುವುದಿಲ್ಲ, ಅವಳ ಮುಖ ನೋಡುತ್ತೇನೆ.

ಶಿವಲೀಲಾ ಮಿಸ್ಸಿಗೆ ಮುಂದಿನ ಜೂನ್‌ನಲ್ಲಿ ಕರೆ ಬರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಬರದಿದ್ದರೂ ಆ ರೂಮು ಬೇರೆಯವರಿಗೆ ಕೊಡಬಾರದು ಎಂದು ಅತ್ತೆ ಈಗಲೇ ಮೋಹನ್‌ಗೆ ತಾಕೀತು ಮಾಡಿದ್ದಾರೆ. ನಿನ್ನೆ ತಮ್ಮದೇ ಕೊಡೆಯನ್ನು ತಂದು ಅವರ ಕೈಗಿಟ್ಟರು.

"ಇದ್ನೂ ಕಳೀಬೇಡಿ ಮೇಡಮ್ಮೋರೇ."

"ಕಳ್ಯಲ್ಲ ನಂಜಮ್ಮ."

"ಗೊತ್ತು ಬುಡಿ. ಬೇರೆಯೋರ ತಲೆ ಮೇಲಿರ್ತದೆ."